ಎರಡು ಸಲ ಪುಟಿದ ಚೆಂಡು

ನಾನು ಬೇಸ್‌ಬಾಲ್ ಆಡಲು ಶುರುಮಾಡಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಹಾಗೆಂದು ಮೊದಲೇ ಯೋಚಿಸಿ ಮಾಡಿದ್ದೇನೂ ಅಲ್ಲ. ಒಂದು ಭಾನುವಾರ ಬೆಳಿಗ್ಗೆ ಸಾಂಟಾ ಕ್ಲಾರಾದಲ್ಲಿ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ಅತ್ತೆಯವರ ಜೊತೆ ನಡೆಯುತ್ತಿದ್ದೆ. ಹುಲ್ಲಿನ ಮೇಲೆ ಒಂದಷ್ಟು ಜನ ಉಣ್ಣೆಯ ಅಂಗಿ, ಮೊಣಕಾಲವರೆಗಿನ ಚಡ್ಡಿ, ಉದ್ದ ಕಾಲುಚೀಲ ಹಾಕಿಕೊಂಡು ಆಡುತ್ತಿದ್ದರು. ಯಾವುದೋ ಶೂಟಿಂಗ್ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಚೆಂಡೊಂದು ನಮ್ಮ ಕಡೆ ಹಾರಿ ಬಂತು. ಅತ್ತೆಯ ತಲೆಗೆ ಬೀಳುವುದಿತ್ತು. ನಾನು ಕೈ ಚಾಚಿ ಹಿಡಿದೆ. ಮೈಸೂರಿನ ಕಾಲೇಜಿನಲ್ಲಿ ನಾಲ್ಕು ವರ್ಷ ಕ್ರಿಕೆಟ್ ಆಡಿದ್ದೆ, ಬ್ಯಾಟಿನ ಬುಡದಲ್ಲೇ ನಿಂತು ಕ್ಯಾಚು ಹಿಡಿಯುವುದು ನನ್ನ ಕೆಲಸವಾಗಿತ್ತು. ಕೈ ಇನ್ನೂ ಮರೆತಿರಲಿಲ್ಲ.

ಬಿಳಿ ಮೀಸೆಯ ಎತ್ತರದ ಮುದುಕರೊಬ್ಬರು ಓಡುತ್ತ ಬಂದರು. ಕ್ಷಮೆ ಕೇಳುತ್ತಾರೆ ಅಂದುಕೊಂಡೆ. ಅವರು ನನ್ನ ಅಂಗೈ ತಿರುಗಿಸಿ ನೋಡಿ, "ಗ್ಲವ್ ಇಲ್ಲದೆ ಹೀಗೆ ಹಿಡಿಯೋದನ್ನ ಎಲ್ಲಿ ಕಲಿತಿರಿ?" ಎಂದು ಕೇಳಿದರು. ಇಲ್ಲಿ ಅಮೆರಿಕನ್ನರು ಆಡುವ ಮಾತೆಲ್ಲ ಇಂಗ್ಲಿಷಿನದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಕ್ರಿಕೆಟ್ ಎಂದೆ. "ನಮಗೆ ಬೇಕಾಗಿರೋದು ಇಂಥವರೇ" ಎಂದರು.

ಅವರೇ ತಂಡದ ನಾಯಕರು. ಮೂವತ್ತೈದು ವರ್ಷ ಅಂಚೆಯವರಾಗಿ ಬೀದಿ ಬೀದಿ ನಡೆದು ನಿವೃತ್ತರಾದವರು. ಅವರ ತಂಡ ನೂರು ವರ್ಷಕ್ಕೂ ಹಿಂದೆ ಈ ಕಡೆ ಆಡುತ್ತಿದ್ದ ಒಂದು ವೃತ್ತಿಪರ ತಂಡದ ಹೆಸರನ್ನು ಇಟ್ಟುಕೊಂಡಿತ್ತು. ಆಟವಾಡಿ ಹೊಟ್ಟೆ ಹೊರೆಯಬಹುದು ಎಂದು ಹೊರಟ ಮೊದಲಿಗರಲ್ಲಿ ಆ ತಂಡದವರೂ ಸೇರಿದ್ದರಂತೆ. ಆ ಹಳೆಯ ತಂಡ ಒಂದೇ ಒಂದು ಸೀಸನ್ ಚಾಂಪಿಯನ್ ಆಗಿ, ಆಮೇಲೆ ಕರಗಿಹೋಯಿತು. ಲೈಬ್ರರಿಯಲ್ಲಿ ಅವರದೊಂದು ಫೋಟೋ ಇದೆ: ಒಂಬತ್ತು ಗಂಡಸರು, ಒಂಬತ್ತು ಮೀಸೆ, ಯಾರೂ ನಗುತ್ತಿಲ್ಲ. ನಮ್ಮ ಸುತ್ತಿನ ಬೇ ಏರಿಯಾದಲ್ಲಿ ಹೀಗೆ ಹಳೆಯ ನಿಯಮದ ಪ್ರಕಾರ, ಗ್ಲವ್ ಇಲ್ಲದೆ ಆಡುವ ಆರು ತಂಡಗಳಿದ್ದವು. ನಮ್ಮದು ಸಾಮಾನ್ಯವಾಗಿ ಐದನೆಯದೋ ಆರನೆಯದೋ ಆಗುತ್ತಿತ್ತು.

ನಾನು ಸೇರಿದೆ. ಗಂಡ ನಕ್ಕ. ಮಗಳು, "ಅಮ್ಮಾ, ದಿಸ್ ಈಸ್ ಸೋ ರ್‍ಯಾಂಡಮ್" ಎಂದಳು. ನನ್ನ ಆಫೀಸಿನ ಕೆಲಸ, ಬೇರೆಯವರು ವಿನ್ಯಾಸ ಮಾಡಿದ ಕಂಪ್ಯೂಟರ್ ಚಿಪ್‌ನಲ್ಲಿ ತಪ್ಪು ಹುಡುಕುವುದು. ವಾರವಿಡೀ ಅದನ್ನೇ ಮಾಡಿ, ಭಾನುವಾರ ಉಣ್ಣೆಯ ಅಂಗಿಯಲ್ಲಿ ಬೆವರುವುದು ನನಗೆ ಹಿಡಿಸಿತು. ಕಾರಣ ಹೆಚ್ಚು ಕೆದಕಿಲ್ಲ.

ಆಶ್ಚರ್ಯವಾದದ್ದು ಅತ್ತೆಯವರಿಂದ. ಅವರು ಧಾರವಾಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು. ನಮ್ಮ ಜೊತೆ ಇರಲು ಬಂದು ಆಗ ಎರಡು ವರ್ಷವಾಗಿತ್ತು. ಇಂಗ್ಲಿಷ್ ಪೇಪರು ಓದುತ್ತಿದ್ದರು, ಆದರೆ ಇಲ್ಲಿಯವರ ಉಚ್ಚಾರಣೆ ಕಿವಿಗೆ ಹತ್ತುತ್ತಿರಲಿಲ್ಲ, ತಮ್ಮದು ಅವರಿಗೆ ತಿಳಿಯುವುದಿಲ್ಲವೆಂಬ ಸಂಕೋಚ ಬೇರೆ. ಅಂಗಡಿಯಲ್ಲಿ, ಡಾಕ್ಟರ ಹತ್ತಿರ, ಪಕ್ಕದ ಮನೆಯವರ ಜೊತೆ, ಎಲ್ಲ ಕಡೆ ಅವರ ಮಾತು ನನ್ನ ಬಾಯಿಂದಲೇ ಹೋಗಬೇಕಿತ್ತು. ನಾನು ಆಡಲು ಹೊರಟಾಗ ಅವರೂ ಮಡಚುವ ಕುರ್ಚಿ ಹಿಡಿದು ಕಾರು ಹತ್ತಿದರು. ಬ್ಯಾಟು ಬೀಸಿದವರು ಓಡಿ ಮುಟ್ಟಬೇಕಾದ ಮೊದಲನೆಯ ಬೇಸಿನ ಪಕ್ಕ, ಗೆರೆಯ ಆಚೆ, ನೆರಳಿದ್ದ ಕಡೆ ಕುಳಿತರು. ಮೂರನೆಯ ಆಟದ ಹೊತ್ತಿಗೆ ನಿಯಮಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು.

"ಚಂಡು ಗೆರಿ ಹೊರಗ ಹೋದರೂ, ಒಂದು ಸಲ ಪುಟದ ಮ್ಯಾಲೆ ಹಿಡದರ ಔಟು. ಎರಡು ಸಲ ಪುಟದರ ಇಲ್ಲ. ಹೌದಲ್ಲೋ?" ಎಂದು ನನ್ನನ್ನು ಕೇಳಿದರು.

"ಹೌದು ಅತ್ತೆ. ಈಗಿನ ಆಟದಲ್ಲಿ ಹಾಗಿಲ್ಲ. ಹಳೇ ಕಾಲದ ರೂಲು."

"ಛಲೋ ರೂಲು. ಎಣಸಾಕ ಬರೋವಂಥಾದ್ದು."

ಆ ವರ್ಷ ನಾವು ಗೆಲ್ಲತೊಡಗಿದೆವು. ಯಾಕೆಂದು ಖಚಿತವಾಗಿ ಹೇಳಲಾರೆ. ನಾನು ಎರಡನೆಯ ಬೇಸಿನಲ್ಲಿ ನಿಂತು ಕೆಲವು ಕ್ಯಾಚು ಹಿಡಿದದ್ದು ನಿಜ. ನನ್ನ ಬಲಕ್ಕೆ, ಎರಡನೆಯ ಮತ್ತು ಮೂರನೆಯ ಬೇಸಿನ ನಡುವೆ ನಿಲ್ಲುತ್ತಿದ್ದ ಶಾರ್ಟ್‌ಸ್ಟಾಪ್ ಆಟಗಾರ, ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವನು, ಆ ವರ್ಷ ಏನೂ ಕೈಬಿಡಲಿಲ್ಲ. ಅವನು ಹನ್ನೊಂದು ವರ್ಷದಿಂದ ಈ ತಂಡದಲ್ಲಿದ್ದ, ಒಮ್ಮೆಯೂ ಫೈನಲ್ ನೋಡಿರಲಿಲ್ಲ. ಪ್ರತಿ ಗೆಲುವಿನ ನಂತರ ಮೈದಾನದ ಮಧ್ಯೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ. ನಾವು ಕಾಲು ಹಿಡಿದು ಎಳೆದಮೇಲೇ ಏಳುತ್ತಿದ್ದದ್ದು.

ನಾಯಕರು ಮೊದಲನೆಯ ಬೇಸಿನಲ್ಲಿ ನಿಲ್ಲುತ್ತಿದ್ದರು. ಅಲ್ಲಿಗೆ ಏನು ಎಸೆದರೂ ಹಿಡಿಯುತ್ತಿದ್ದವರು, ಬೇಸಿಗೆಯ ಕೊನೆಗೆ ಕೆಲವನ್ನು ಎದೆಗೆ ತಾಗಿಸಿಕೊಂಡು ನಿಲ್ಲಿಸಲು ಶುರುಮಾಡಿದರು. ಎಪ್ಪತ್ತೊಂದು ವರ್ಷದ ಮನುಷ್ಯ, ದಣಿವು ಇದ್ದದ್ದೇ ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಫೀಸಿನಲ್ಲಾಗಿದ್ದರೆ ಅಂಥದ್ದನ್ನು ಬಿಡುತ್ತಿರಲಿಲ್ಲ.

ಫೈನಲ್ ಇದ್ದದ್ದು ಸ್ಯಾನ್ ಮಟಿಯೋದ ಒಂದು ಪಾರ್ಕಿನಲ್ಲಿ, ಅಲ್ಲಿನ ತಂಡದ ಮೇಲೆಯೇ. ಅವರ ನಾಯಕಿ ಹಲ್ಲಿನ ಡಾಕ್ಟರು, ಕಡಿಮೆ ಮಾತಿನವಳು. ಅಂಪೈರು ಒಬ್ಬ ನಿವೃತ್ತ ಇತಿಹಾಸದ ಮೇಷ್ಟರು. ಕಪ್ಪು ಎತ್ತರದ ಟೋಪಿ ಹಾಕಿಕೊಂಡು ಬರುತ್ತಿದ್ದರು. ಹಳೆಯ ನಿಯಮದಲ್ಲಿ ಅಂಪೈರಿಗೆ ಏನಾದರೂ ಕಾಣದೆ ಹೋದರೆ ಅವರು ಆಟಗಾರರನ್ನೇ ಕೇಳಬಹುದು. ಅದೂ ಸಾಲದಿದ್ದರೆ ನೋಡುತ್ತ ಕುಳಿತವರನ್ನೂ ಕೇಳಬಹುದು. ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಆ ಆಟ ನಿಂತಿತ್ತು.

ಕೊನೆಯ ಸರದಿ. ನಾವು ಒಂದು ರನ್ನಿನಿಂದ ಮುಂದಿದ್ದೆವು. ಅವರು ಬ್ಯಾಟ್ ಮಾಡುತ್ತಿದ್ದರು, ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ನಮ್ಮದು. ಅವರ ಇನ್ನಿಬ್ಬರು ಎರಡನೆಯ ಮತ್ತು ಮೂರನೆಯ ಬೇಸಿನಲ್ಲಿ ಕಾಯುತ್ತಿದ್ದರು. ಒಬ್ಬ ಸುತ್ತು ಮುಗಿಸಿ ಬಂದರೆ ಸಮ, ಇಬ್ಬರೂ ಬಂದರೆ ನಮ್ಮ ಕಥೆ ಮುಗಿಯಿತು. ಆಟಗಾರ ಬೀಸಿದ ಬ್ಯಾಟಿನ ಅಂಚಿಗೆ ಚೆಂಡು ತಾಗಿ, ಮೇಲೆ ಹೋಗಿ, ಗೆರೆಯ ಹೊರಗೆ, ಅತ್ತೆ ಕುಳಿತಿದ್ದ ಮರದ ದಿಕ್ಕಿಗೆ ಇಳಿಯತೊಡಗಿತು. ನಾಯಕರು ಓಡಿದರು. ನಾನು ಅವರ ಹಿಂದೆ ಓಡಿದೆ. ಅವರ ಅಗಲ ಬೆನ್ನು ನನ್ನ ಮುಂದಿತ್ತು. ಅವರು ಬಗ್ಗಿದರು, ಮುಗ್ಗರಿಸಿ ಮಂಡಿಯೂರಿದರು, ಚೆಂಡು ಹಿಡಿದ ಕೈ ಮೇಲೆತ್ತಿದರು. ನಡುವೆ ಏನಾಯಿತೆಂದು ನನಗೆ ಕಾಣಲಿಲ್ಲ. ದೂರದಲ್ಲಿದ್ದ ಅಂಪೈರಿಗೂ ಕಾಣಲಿಲ್ಲ.

ಅಂಪೈರು ಟೋಪಿ ಸರಿಪಡಿಸಿಕೊಂಡು ಹತ್ತಿರ ಬಂದರು. "ಸರ್, ಒಂದೇ ಪುಟಿತಕ್ಕೆ ಹಿಡಿದಿರಾ?"

"ಹೌದು," ಎಂದರು ನಾಯಕರು.

ಅದೇ ಹೊತ್ತಿಗೆ ಕುರ್ಚಿಯಿಂದ ಎದ್ದು ನಿಂತಿದ್ದ ಅತ್ತೆ ದೊಡ್ಡ ದನಿಯಲ್ಲಿ ಹೇಳಿದರು: "ಎಲ್ಲೀ ಔಟು? ಎರಡು ಸಲ ಪುಟೀತಲ್ಲ ಅದು! ನನ್ನ ಕಾಲ ಮುಂದ ಒಂದು, ಅಲ್ಲೆ ಒಂದು!" ಎರಡು ಬೆರಳು ಬೇರೆ ಎತ್ತಿ ತೋರಿಸಿದರು.

ಪಾರ್ಕಿನಲ್ಲಿ ಅರವತ್ತು ಎಪ್ಪತ್ತು ಜನ ಇದ್ದಿರಬಹುದು. ಆ ಮಾತು ತಿಳಿದದ್ದು ನನಗೊಬ್ಬಳಿಗೆ. ಅಂಪೈರು ನನ್ನ ಕಡೆ ತಿರುಗಿದರು. "ಈ ಹಿರಿಯರು ಏನು ಹೇಳುತ್ತಿದ್ದಾರೆ?"

ಯೋಚಿಸಲು ಸಮಯವಿರಲಿಲ್ಲ ಎಂದು ನಾನು ಎಷ್ಟೋ ದಿನ ನನಗೇ ಹೇಳಿಕೊಂಡೆ. ಸಮಯವಿತ್ತು. ಶಾರ್ಟ್‌ಸ್ಟಾಪ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತದ್ದನ್ನು ನೋಡಿದೆ. ನಾಯಕರು ಮಂಡಿಯ ಮೇಲೆಯೇ ಇದ್ದದ್ದನ್ನು ನೋಡಿದೆ. ಅಷ್ಟು ನೋಡುವಷ್ಟು ಸಮಯವಿತ್ತು.

"ಎರಡು ತಂಡವೂ ಚೆನ್ನಾಗಿ ಆಡಿತು ಅಂತಿದ್ದಾರೆ," ಎಂದೆ.

ಅಂಪೈರು ಅತ್ತೆಗೆ ಟೋಪಿ ತೆಗೆದು ವಂದಿಸಿ, ಔಟ್ ಎಂದರು. ಕೂಗಾಟ ಎದ್ದಿತು. ಹಲ್ಲಿನ ಡಾಕ್ಟರು ಬಂದು, ಸೋತವರು ಗೆದ್ದವರಿಗೆ ಚೆಂಡು ಕೊಡುವ ಹಳೆಯ ಪದ್ಧತಿಯಂತೆ, ನಮ್ಮ ನಾಯಕರ ಕೈಯಿಂದ ಚೆಂಡು ತೆಗೆದುಕೊಂಡು ಮತ್ತೆ ಅವರ ಕೈಗೇ ಕೊಟ್ಟಳು. ನಾವು ಚಾಂಪಿಯನ್ ಆದೆವು. ಫೋಟೋ ತೆಗೆದರು. ಹಳೆಯ ಫೋಟೋದ ಹಾಗೆ ಯಾರೂ ನಗಬಾರದು ಎಂದರೂ ಶಾರ್ಟ್‌ಸ್ಟಾಪ್ ನಕ್ಕುಬಿಟ್ಟ.

ಮನೆಗೆ ಬರುವಾಗ ಫ್ರೀವೇಯಲ್ಲಿ ಅತ್ತೆ ಕೇಳಿದರು. "ಆ ಟೊಪಗಿ ಮನಷ್ಯಾ ನಿನಗ ಏನ್ ಕೇಳಿದಾ?"

"ನೀವು ಏನಂದ್ರಿ ಅಂತ."

"ನೀ ಏನಂದಿ?"

ಹೇಳಿದೆ. ನಮ್ಮ ಎಕ್ಸಿಟ್ ಬಂತು, ಇಳಿದೆವು, ಸಿಗ್ನಲ್ಲಿನಲ್ಲಿ ನಿಂತೆವು.

"ನೀವು ಗೆದ್ದರ ಗೆಲ್ಲರಿ, ಸೋತರ ಸೋಲರಿ, ನನಗೇನೂ ಇಲ್ಲ," ಎಂದರು ಅತ್ತೆ. "ನನ್ನ ಬಾಯಾಗ ಇಲ್ಲದ ಮಾತು ಯಾಕ ಹಾಕಿದಿ?"

"ಸಾರಿ ಅತ್ತೆ. ಆ ಟೈಮಲ್ಲಿ ಏನೋ..."

"ಇಷ್ಟು ದಿನಾ ಡಾಕ್ಟರ ಮುಂದ, ಅಂಗಡ್ಯಾಗ, ಏನೇನ್ ಹಾಕೀಯೋ ಯಾಂವಗ ಗೊತ್ತು."

ಹಾಗೇನೂ ಮಾಡಿಲ್ಲ ಎಂದೆ. ಹೇಳುವಾಗಲೇ, ಮಾಡಿದ್ದು ನೆನಪಾಯಿತು. ಡಾಕ್ಟರ ಬಳಿ ಅವರು ಹತ್ತು ವಾಕ್ಯ ಹೇಳಿದರೆ ನಾನು ಎರಡಕ್ಕೆ ಇಳಿಸುತ್ತಿದ್ದೆ. ಪಕ್ಕದ ಮನೆಯವಳ ನಾಯಿಯ ಬಗ್ಗೆ ಅವರು ಹೇಳಿದ್ದನ್ನು ಎಂದೂ ದಾಟಿಸಿರಲಿಲ್ಲ. ಅದನ್ನೆಲ್ಲ ನಾನು ಜಾಣತನ ಎಂದುಕೊಂಡಿದ್ದೆ.

ಮರುದಿನದಿಂದ ಅತ್ತೆ ನನ್ನನ್ನು ಏನನ್ನೂ ಹೇಳಲು ಕೇಳಲಿಲ್ಲ. ಜಗಳವಾಡಲಿಲ್ಲ, ಊಟ ಬಿಡಲಿಲ್ಲ. ಬುಧವಾರ ಔಷಧಿ ತರಲು ಒಬ್ಬರೇ ನಡೆದು ಹೋದರು. ಹೇಳಬೇಕಾದದ್ದನ್ನು ಚೀಟಿಯಲ್ಲಿ ದುಂಡನೆಯ ಅಕ್ಷರದ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದರು. ಒಂದೂವರೆ ಗಂಟೆಯಾಯಿತು. ನಾನು ಮೀಟಿಂಗಿನಲ್ಲಿ ಕುಳಿತು ಫೋನು ನೋಡುತ್ತಲೇ ಇದ್ದೆ. ಸರಿಯಾದ ಔಷಧಿಯನ್ನೇ ತಂದಿದ್ದರು.

ಎರಡು ವಾರ ಕಳೆದು ನಾಯಕರ ಮನೆಗೆ ಹೋದೆ. ಅವರು ಗ್ಯಾರೇಜಿನಲ್ಲಿ ಮೇಜಿನ ಮುಂದೆ ಕುಳಿತು ಆ ಚೆಂಡಿಗೆ ಚಿನ್ನದ ಬಣ್ಣ ಬಳಿದು, ಅದರ ಮೇಲೆ ಕಪ್ಪು ಬಣ್ಣದಲ್ಲಿ ಸ್ಕೋರು ಬರೆಯುತ್ತಿದ್ದರು. ಅದೂ ಹಳೆಯ ಪದ್ಧತಿಯೇ. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು, ಒಂದು ಅಂಕಿಯ ಮೇಲೆ ಇನ್ನೊಂದು ಹತ್ತಿತ್ತು.

ನಿಂತುಕೊಂಡೇ ಹೇಳಿದೆ. ಅತ್ತೆ ಹೇಳಿದ್ದೇನು, ನಾನು ಹೇಳಿದ್ದೇನು, ಎರಡನ್ನೂ. ಅವರು ಕುಂಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿ ಇಟ್ಟರು.

"ಅವರಿಗೆ ಚೆನ್ನಾಗಿ ಕಂಡಿತ್ತಾ?"

"ಅವರ ಕಾಲಿನ ಮುಂದೆಯೇ ಮೊದಲನೇದು ಬಿತ್ತಂತೆ."

"ಹಾಗಾದರೆ ಅವರು ಹೇಳಿದ್ದೇ ಇರಬೇಕು." ಬೆರಳಿಗೆ ಅಂಟಿದ ಬಣ್ಣ ಒರೆಸಿಕೊಂಡು ಹೇಳಿದರು: "ನನ್ನ ಕಣ್ಣಿನ ಮಧ್ಯೆ ಒಂದು ಮಬ್ಬು ಬಂದಿದೆ. ಏಪ್ರಿಲಿಂದ. ಅಂಚಲ್ಲಿ ಎಲ್ಲ ಕಾಣುತ್ತೆ, ನೆಟ್ಟಗೆ ನೋಡಿದ್ದು ಕಾಣೋದಿಲ್ಲ. ಚೆಂಡು ಇಳೀತಾ ಇರೋದು ಕಂಡಿತು. ಆಮೇಲೆ ಅದು ಕೈಯಲ್ಲಿತ್ತು. ನಡುವೆ ಏನೂ ಇಲ್ಲ."

"ಮತ್ತೆ ಹೌದು ಅಂದಿರಿ?"

"ಗೊತ್ತಿಲ್ಲ ಅಂದಿದ್ದರೆ, ಯಾಕೆ ಗೊತ್ತಿಲ್ಲ ಅಂತ ಕೇಳುತ್ತಿದ್ದರು."

ಡಾಕ್ಟರ ಬಳಿ ಹೋಗಿರಲಿಲ್ಲ. ಕಾರು ಓಡಿಸಬೇಡಿ ಎನ್ನುತ್ತಾರೆ, ಆಡಬೇಡಿ ಎನ್ನುತ್ತಾರೆ ಎಂದು ಹೆದರಿದ್ದರು. ಹೆಂಡತಿಗೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಹೆಚ್ಚು ಕನಿಕರವೂ ಬರಲಿಲ್ಲ. ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಂದೇ ಕೆಲಸ ಮಾಡಿದ್ದೆವು ಎನ್ನಿಸಿತು, ಅಷ್ಟೆ. "ಇದನ್ನ ಇಲ್ಲಿಗೇ ಬಿಟ್ಟುಬಿಡೋಣವಾ?" ಎಂದು ಒಮ್ಮೆ ಕೇಳಿದರು. ಆಮೇಲೆ ಅವರೇ ಎದ್ದು ಹೋಗಿ ಹಲ್ಲಿನ ಡಾಕ್ಟರಿಗೆ ಫೋನು ಮಾಡಿದರು.

ಅವಳು ಪೂರ್ತಿ ಕೇಳಿಸಿಕೊಂಡು ಒಂದು ದಿನ ಸಮಯ ಬೇಕು ಎಂದಳು. ಮರುದಿನ ಫೋನು ಮಾಡಿ, "ಚೆಂಡು ಬೇಡ, ಆಟ ಬೇಕು. ನಿಂತಲ್ಲಿಂದ ಮುಂದುವರಿಸೋಣ," ಎಂದಳು. ಅಂಪೈರು ಒಪ್ಪಿದರು. ಅವರಿಗೆ ಫೋನಿನಲ್ಲಿ ನನ್ನ ಪಾಲಿನದನ್ನು ನಾನೇ ಹೇಳಿದೆ. "ಎರಡು ಬೆರಳು ಎತ್ತಿದ್ದು ನೋಡಿದ್ದೆ. ಎರಡು ತಂಡ ಅಂತ ನೀವು ಅಂದದ್ದು ಹೊಂದಿಕೊಂಡಿತು," ಎಂದರು ಒಣದನಿಯಲ್ಲಿ.

ತಂಡಕ್ಕೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಪಾರ್ಕಿನ ಮರದ ಮೇಜಿನ ಸುತ್ತ ಎಲ್ಲರೂ ಕುಳಿತಿದ್ದರು. ನಾಯಕರು ಮೊದಲು ಕಣ್ಣಿನ ವಿಷಯ ಹೇಳಿದರು. ನನ್ನ ಸರದಿ ಬಂದಾಗ ಶಾರ್ಟ್‌ಸ್ಟಾಪ್ ನನ್ನನ್ನೇ ನೋಡಿದ.

"ಅವರಿಗೆ ಕಾಣಿಸಲಿಲ್ಲ, ಸರಿ," ಎಂದ. "ನಿಮಗೆ ಕೇಳಿಸಿತ್ತು."

"ಹೌದು."

"ಅವತ್ತೇ ಹೇಳಬೇಕಿತ್ತು. ಇಲ್ಲಾಂದ್ರೆ ಯಾವತ್ತೂ ಹೇಳಬಾರದಿತ್ತು. ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀನಿ."

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಎರಡೂ ತಂಡದವರು ಅದೇ ಪಾರ್ಕಿಗೆ ಬಂದೆವು. ಉಣ್ಣೆಯ ಅಂಗಿ ಬೇಕೋ ಬೇಡವೋ ಎಂದು ಗೊಂದಲವಾಗಿ, ಅರ್ಧ ಜನ ಹಾಕಿಕೊಂಡು ಬಂದಿದ್ದರು, ಅರ್ಧ ಜನ ಟೀಶರ್ಟಿನಲ್ಲಿದ್ದರು. ಅತ್ತೆಯೂ ಬಂದರು. ನಾನು ಕರೆದಿರಲಿಲ್ಲ, ಅವರೇ ಕುರ್ಚಿ ತೆಗೆದುಕೊಂಡು ಕಾರಿನ ಹತ್ತಿರ ನಿಂತಿದ್ದರು. ನಾಯಕರು ಆಡಲಿಲ್ಲ. ಅವರ ಜಾಗದಲ್ಲಿ, ಮೊದಲನೆಯ ಬೇಸಿನಲ್ಲಿ, ನಾನು ನಿಂತೆ.

ಇಬ್ಬರು ಔಟು, ಇಬ್ಬರು ಬೇಸಿನಲ್ಲಿ. ಅಂಪೈರು ಶುರು ಎಂದರು. ಬ್ಯಾಟು ಹಿಡಿದು ನಿಂತವನು ಅವತ್ತಿನ ಆಟಗಾರನೇ, ಮೊದಲ ಚೆಂಡನ್ನು ಬಿಟ್ಟ. ಎರಡನೆಯದನ್ನು ಹೊಡೆದ. ಚೆಂಡು ಶಾರ್ಟ್‌ಸ್ಟಾಪಿನ ತಲೆಯ ಮೇಲೆ ಹೋಯಿತು. ಅವನು ಹಾರಿದ. ಬೆರಳಿನ ತುದಿಗೆ ಗಾಳಿಯಾದರೂ ತಾಗಿರಬೇಕು. ಚೆಂಡು ಹುಲ್ಲಿನ ಮೇಲೆ ಬಿದ್ದು ಮರಗಳ ಕಡೆ ಉರುಳಿತು, ಇಬ್ಬರೂ ಓಡಿ ಬಂದರು. ಐದು ನಿಮಿಷವೂ ಹಿಡಿಯಲಿಲ್ಲ. ನಾವು ಸೋತೆವು.

ಸ್ಯಾನ್ ಮಟಿಯೋದವರು ಕೂಗಾಡಲಿಲ್ಲ. ಬಂದು ಎಲ್ಲರ ಕೈಕುಲುಕಿದರು. ನಾಯಕರು ಜೇಬಿನಿಂದ ಚಿನ್ನದ ಬಣ್ಣದ ಚೆಂಡು ತೆಗೆದು ಹಲ್ಲಿನ ಡಾಕ್ಟರಿಗೆ ಕೊಟ್ಟರು. ಅವಳು ಅದರ ಮೇಲಿದ್ದ ಸೊಟ್ಟ ಅಕ್ಷರಗಳನ್ನು ನೋಡಿ, "ಕಣ್ಣಿಗೆ ಯಾರಿಗೆ ತೋರಿಸುತ್ತಿದ್ದೀರಿ?" ಎಂದು ಕೇಳಿದಳು. ಇನ್ನೂ ಯಾರಿಗೂ ಇಲ್ಲ ಎಂದರು. ಅವಳು ಅಲ್ಲಿಯೇ ನಿಂತು ಪರಿಚಯದ ಕಣ್ಣಿನ ಡಾಕ್ಟರಿಗೆ ಮೆಸೇಜು ಕಳಿಸಿದಳು. ಆ ವಾರವೇ ಅವರ ಚಿಕಿತ್ಸೆ ಶುರುವಾಯಿತು. ಹೋದದ್ದು ಪೂರ್ತಿ ಮರಳುವುದಿಲ್ಲವಂತೆ, ಇದ್ದದ್ದು ಉಳಿಯಬಹುದಂತೆ. ಅವರು ಕಾರು ಬಿಟ್ಟರು. ತಿಂಗಳಿಗೊಮ್ಮೆ ಕಣ್ಣಿನ ಇಂಜೆಕ್ಷನ್ನಿಗೆ ಕರೆದುಕೊಂಡು ಹೋಗುವ ಸರದಿಯಲ್ಲಿ ನಾನೂ ಒಬ್ಬಳು. ದಾರಿಯಲ್ಲಿ ಅಂಚೆ ಹಂಚುತ್ತಿದ್ದ ಕಾಲದ ನಾಯಿಗಳ ಕಥೆ ಹೇಳುತ್ತಾರೆ. ಯಾವ ಬೀದಿಯಲ್ಲಿ ಯಾವ ನಾಯಿ ಎಂಬುದು ಈಗಲೂ ಅವರಿಗೆ ನೆನಪಿದೆ.

ಅತ್ತೆ ಲೈಬ್ರರಿಯಲ್ಲಿ ನಡೆಯುವ ಇಂಗ್ಲಿಷ್ ಮಾತುಕತೆಯ ಕ್ಲಾಸಿಗೆ ಸೇರಿದರು. ಮಂಗಳವಾರ ಮತ್ತು ಗುರುವಾರ. ಅಲ್ಲಿ ಚೀನಾದ ಒಬ್ಬ ನಿವೃತ್ತ ಗಣಿತದ ಟೀಚರು ಅವರಿಗೆ ಜೊತೆಯಾಗಿದ್ದಾರೆ. ಅವರಿಬ್ಬರು ಯಾವ ಭಾಷೆಯಲ್ಲಿ ಮಾತಾಡುತ್ತಾರೋ ನನಗೆ ತಿಳಿಯದು. ಡಾಕ್ಟರ ಬಳಿ ಈಗ ಅತ್ತೆಯೇ ಮಾತಾಡುತ್ತಾರೆ. ನಾನು ಹೊರಗಿನ ಕುರ್ಚಿಯಲ್ಲಿ ಕುಳಿತಿರುತ್ತೇನೆ. ಒಳಗೆ ಅವರು ಏನು ಹೇಳಿದರು ಎಂದು ಮೊದಮೊದಲು ಕೇಳುತ್ತಿದ್ದೆ. "ಹೇಳಬೇಕಾದ್ದು ಹೇಳೀನಿ," ಎನ್ನುತ್ತಿದ್ದರು. ಈಗ ಕೇಳುವುದಿಲ್ಲ. ನಮ್ಮ ನಡುವೆ ಮುನಿಸಿಲ್ಲ, ಆದರೆ ಮೊದಲಿನ ಸಲಿಗೆಯೂ ಪೂರ್ತಿ ಮರಳಿಲ್ಲ.

ಮರುವರ್ಷ ನಾವು ನಾಲ್ಕನೆಯ ಸ್ಥಾನಕ್ಕೆ ಬಂದೆವು. ಶಾರ್ಟ್‌ಸ್ಟಾಪ್ ತಂಡ ಬಿಟ್ಟು ಬೇರೆ ತಂಡ ಸೇರಿದ್ದ. ನಮ್ಮ ಮೇಲೆ ಆಡಿದಾಗ ಎಲ್ಲರಿಗೂ ಕೈಕೊಟ್ಟ, ನನಗೂ ಕೊಟ್ಟ, ಮಾತಾಡಲಿಲ್ಲ. ಆಮೇಲೆ ಮೇ ತಿಂಗಳಲ್ಲಿ ಒಂದು ಶನಿವಾರ ಎಲ್ ಕಮಿನೊ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಅವನು ಸಿಕ್ಕಿದ. ಮಾವಿನಹಣ್ಣಿನ ಪೆಟ್ಟಿಗೆಗಳ ಮುಂದೆ ನಿಂತಿದ್ದ. ಯಾರದೋ ಮನೆಗೆ ಟೈಲ್ಸ್ ಹಾಕುವಾಗ ಅವರು ತಿನ್ನಲು ಕೊಟ್ಟಿದ್ದರಂತೆ, ಅಂದಿನಿಂದ ಹುಡುಕುತ್ತಿದ್ದಾನೆ.

"ನನಗೆ ಇನ್ನೂ ಸಿಟ್ಟಿದೆ," ಎಂದ ನನ್ನನ್ನು ಕಂಡು.

"ಗೊತ್ತು," ಎಂದೆ.

ಒಂದು ಪೆಟ್ಟಿಗೆ ಎತ್ತಿ ನೋಡಿ ಮತ್ತೆ ಇಟ್ಟ. ಆಮೇಲೆ ಅವನು, "ಇದರಲ್ಲಿ ಯಾವುದು ಹಣ್ಣಾಗಿದೆ, ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ. ಮೂಸಿ ನೋಡಬೇಕು ಎಂದೆ. ನಾಲ್ಕು ಪೆಟ್ಟಿಗೆ ತೆರೆದು ನೋಡಿ ಒಂದನ್ನು ಆರಿಸಿಕೊಟ್ಟೆ. ಇನ್ನೂ ಎರಡು ದಿನ ಇಡಬೇಕಾಗುತ್ತದೆ ಎಂದು ಹೇಳಿದೆ. ಅವನು ಸರಿ ಎಂದು ಅದನ್ನು ಹೆಗಲಿಗೇರಿಸಿಕೊಂಡು ಕೌಂಟರಿನ ಕಡೆ ನಡೆದ.